ಕಡೆಯ ದಾಳಿಗೆ ದುಂಡಪ್ಪ

ಹೊಳೆಯ ಈ ದಡದ ಆಶ್ರಮಕ್ಕೂ ಆ ದಡದ ಆಶ್ರಮಕ್ಕೂ ವರ್ಷಕ್ಕೊಮ್ಮೆ ಮರಳಿನ ಮೇಲೆ ಕಬಡ್ಡಿ. ಸೋತವರು ಗೆದ್ದವರಿಗೆ ಹೋಳಿಗೆ ಬಡಿಸಬೇಕು. ಕಲ್ಮೇಶ ನಾಯಕನಾದ ಮೂರು ವರ್ಷದಿಂದ ಈ ದಡದವರು ಬರೀ ಬಡಿಸುತ್ತಲೇ ಇದ್ದರು.

ಮೂರು ಸಲವೂ ಆಟ ಕೈಯಲ್ಲೇ ಇತ್ತು. ಕಡೆಯ ದಾಳಿಗೆ ಹೋದ ದುಂಡಪ್ಪ ಒಬ್ಬನನ್ನು ಮುಟ್ಟಿ ಉಸಿರು ಬಿಡದೆ ನಡುಗೆರೆಗೆ ವಾಪಸು ಬಂದಿದ್ದರೆ ಸಾಕಿತ್ತು. ಮೂರು ಸಲವೂ ಸಿಕ್ಕಿಬಿದ್ದ. ಅದಕ್ಕೂ ಹಿಂದೆ ಏಳು ವರ್ಷ ಗೆಲ್ಲಿಸಿದವನೂ ಇವನೇ.

ನಾಳೆ ಪಂದ್ಯ ಎನ್ನುವಾಗ ಕಲ್ಮೇಶನಿಗೆ ಅನ್ನ ಸೇರಲಿಲ್ಲ. ಗುರು ಅಡವಯ್ಯನವರು ಮಜ್ಜಿಗೆ ಕಡೆಯುತ್ತಿದ್ದಲ್ಲಿಗೆ ಹೋಗಿ ನಿಂತ.

"ಗುರುಗಳ, ದುಂಡಪ್ಪನ್ನ ಯಾವಾಗ ತೆಗೀಬೇಕ್ರಿ?"

"ಯಾಕ, ಅವನ ಕಾಲು ಸೋತಾವೇನು?"

"ಇಲ್ರಿ. ದಿನಾ ಇಲ್ಲಿ ಆಡೂವಾಗ ಅವನ್ನ ಹಿಡಿಯಾಕ ಯಾರಿಂದಾನೂ ಆಗಂಗಿಲ್ಲ. ಪಂದ್ಯದಾಗ ಕೈ ಕೊಡ್ತಾನ. ಅದಕ್ಕ ನಾ ಪ್ರತಿ ಸಲಾನೂ ಅವನ ಬದ್ಲಿಗೆ ಯಮನೂರನ್ನ ತಯಾರ ಇಟ್ಟಿರ್ತೀನ್ರಿ. ಕಚ್ಚಿ ಕಟ್ಟಿಕೊಂಡು ಗೆರಿ ಪಕ್ಕದಾಗ ನಿಂತಿರ್ತಾನ."

"ದುಂಡಪ್ಪಗ ಕಾಣೂಹಂಗ?"

"ಕಾಣಬೇಕಲ್ರಿ! ಕಂಡ್ರ ಹುಷಾರಾಗಿ ಆಡ್ತಾನ."

ಗುರುಗಳು ಗಡಿಗೆಯ ಕಂಠದವರೆಗೆ ಮಜ್ಜಿಗೆ ತುಂಬಿ ಅವನ ಕೈಗಿಟ್ಟರು. "ಅಡಗಿಮನಿಗೆ ಒಯ್ದಿಡು."

ದಿನಾ ಒಯ್ಯುವ ಗಡಿಗೆಯೇ. ಕಲ್ಮೇಶ ಎತ್ತಿಕೊಂಡ. ಅಷ್ಟರಲ್ಲಿ ಗುರುಗಳು ಯಮನೂರನನ್ನು ಕೂಗಿದರು.

"ಇವನ ಪಕ್ಕದಾಗ ನಡಿ. ಎರಡೂ ಕೈ ಚಾಚಿಕೊಂಡಿರು. ಬಿಟ್ಟರ ಹಿಡಿ."

ಯಮನೂರ ಹೇಳಿದ್ದಕ್ಕಿಂತ ಹೆಚ್ಚೇ ಚಾಚಿದ. ಐದನೇ ಹೆಜ್ಜೆಗೆ ಮಜ್ಜಿಗೆ ಕಲ್ಮೇಶನ ಎದೆಗೆ ಬಂತು. ಹತ್ತನೇ ಹೆಜ್ಜೆಗೆ ಮೂಗಿಗೆ ಬಂತು.

"ಅತ್ತ ಸರಿಯೋ ಮಾರಾಯಾ! ನೀ ಕೈ ಚಾಚಿದ್ದಕ್ಕ ನನ್ನ ಕೈ ನಡಗಾಕತ್ತಾವ!"

ಅಂದವನು ಅಲ್ಲೇ ನಿಂತುಬಿಟ್ಟ. ಗುರುಗಳು ಮತ್ತೆ ಕಡಗೋಲು ಹಿಡಿದಿದ್ದರು.

ಮರುದಿನ ಎರಡೂ ಕಡೆ ಸಮ ಅಂಕ, ಉಳಿದದ್ದು ಕಡೆಯ ದಾಳಿ. ದುಂಡಪ್ಪ ಎದ್ದು ನಿಂತವನೇ ರೂಢಿಯಂತೆ ಪಕ್ಕಕ್ಕೆ ನೋಡಿದ. ಯಮನೂರ ಕಚ್ಚೆ ಬಿಗಿಯುತ್ತಿದ್ದ.

ಕಲ್ಮೇಶ ಎಲ್ಲರಿಗೂ ಕೇಳುವಂತೆ ಕೂಗಿದ.

"ಯಮನೂರಾ, ಅಡಗಿಮನಿಗೆ ಹೋಗಿ ತುಪ್ಪ ಕಾಸು ಹೋಗು!"

"ಮತ್ತ ಇವ ಸಿಕ್ಕಿಬಿದ್ರ?"

"ಸಿಕ್ಕಿಬಿದ್ರ ಆಟಾನ ಮುಗೀತಲ್ಲೋ. ನೀ ಇಲ್ಲಿದ್ದು ಏನ್ ಮಾಡ್ತಿ?"

ಹೇಳಿದ ಮೇಲೆ ಅವನಿಗೇ ನಗು ಬಂತು. ಮೂರು ವರ್ಷ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ.

ಯಮನೂರ ಹೋಗುವುದನ್ನು ದುಂಡಪ್ಪ ಕಣ್ಣು ತುಂಬ ನೋಡಿದ. ತೊಡೆ ತಟ್ಟಿ ಒಳಗೆ ನುಗ್ಗಿದ. ಇಬ್ಬರು ಕಾಲು ಹಿಡಿದರು, ಮೂರನೆಯವನು ಸೊಂಟಕ್ಕೆ ಜೋತುಬಿದ್ದ. ಮೂವರನ್ನೂ ಮರಳಲ್ಲಿ ಎಳೆದುಕೊಂಡು ಬಂದು ನಡುಗೆರೆಯ ಮೇಲೆ ಕೈ ಇಟ್ಟ. ಸೀಟಿ ಊದಿದ ಮೇಲೂ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇದ್ದ.

ಈ ದಡದವರೆಲ್ಲ ಅವನನ್ನು ಹೊತ್ತುಕೊಂಡೇ ಹೊಳೆಗೆ ಹಾರಿದರು. ಕಲ್ಮೇಶನಿಗೆ ಈಜು ಬರದಿದ್ದದ್ದು ಹಾರಿದ ಮೇಲೆ ನೆನಪಾಯಿತು. ಎಳೆದು ಮೇಲೆ ತಂದವನೂ ದುಂಡಪ್ಪನೇ.

ಅಂದು ಆ ದಡದವರು ಬಡಿಸಿದರು. ಆರನೇ ಹೋಳಿಗೆಯ ನಡುವೆ ಕಲ್ಮೇಶ ಗುರುಗಳತ್ತ ವಾಲಿದ.

"ಆದ್ರೂ ಗುರುಗಳ, ಇವನಿಗೂ ವಯಸ್ಸಾಗ್ತೈತಿ. ಒಂದಲ್ಲ ಒಂದು ದಿನ ತೆಗೀಬೇಕಲ್ರಿ?"

"ತೆಗೀಲೇಬೇಕು."

"ಮತ್ತ?"

ಗುರುಗಳು ತುಪ್ಪದ ಗಿಂಡಿಯನ್ನು ದುಂಡಪ್ಪನ ಎಲೆಯತ್ತ ಸರಿಸಿದರು.

"ತೆಗಿಯೋ ದಿನ ತೆಗದುಬಿಡು, ತಮ್ಮಾ. ಅದರ ಹಿಂದಿನ ದಿನ ತೆಗೀಬ್ಯಾಡ."