ಬೆನ್ನಪ್ಪನ ಸೇತುವೆ

ಚೌಡೋಜ ಮೊದಲ ಸಲ ಮನೆ ಬಿಟ್ಟದ್ದು ಯುಗಾದಿಯ ಮರುದಿನ, ಹೊಸತೊಡಕಿನಂದು. ಆ ದಿನ ಮಾಡಿದ್ದು ವರ್ಷವಿಡೀ ನಡೆಯುತ್ತದೆಂದು ಕೂಲಿಮಠದ ಅಯ್ಯನವರು ಹುಡುಗನನ್ನು ಮರಳಲ್ಲಿ ಅಕ್ಷರ ತಿದ್ದಲು ಕೂರಿಸಿದರೆ, ಅವನು ಅದೇ ಮರಳಲ್ಲಿ ಆನೆ ಬರೆದ. ಬೆತ್ತದ ಏಟು ಬಿತ್ತು. ಎದ್ದು ಹೋದವನು ಮತ್ತೆ ಬಂದು ಕೂರಲಿಲ್ಲ. ವರ್ಷವಿಡೀ ಏನು, ಬದುಕಿಡೀ ನಡೆದ. ಹಾಗೆ ನಡೆಯುತ್ತ ಕಲ್ಲುಕೆಲಸ ಕಲಿತು ಒಂದು ದಿನ ಮದ್ದೇರಿಗೆ ಬಂದ. ಅವನು ಬಂದದ್ದರಿಂದಲೇ ನಾಗಲಹೊಳೆಗೆ ಸೇತುವೆಯಾಯಿತು, ಸೇತುವೆಗೆ ಇಂಥದೊಂದು ಹೆಸರಾಯಿತು ಎನ್ನುತ್ತಾರೆ.

ಮದ್ದೇರಿಯ ಸಂತೆಮಾಳ ದಾಟಿ ಹೊಳೆಗಿಳಿದರೆ ಈಗಲೂ ಆ ಸೇತುವೆ ಕಾಣುತ್ತದೆ. ಬಸ್ಸು ಲಾರಿಗಳೆಲ್ಲ ಮೇಲುಗಡೆಯ ಹೊಸ ಸೇತುವೆಯಲ್ಲಿ ಹೋಗುತ್ತವೆ; ಇದರ ಮೇಲೆ ಮೇಕೆಗಳು ಮಲಗುತ್ತವೆ, ಹೆಂಗಸರು ಸಂಡಿಗೆ ಒಣಗಿಸುತ್ತಾರೆ. ಹೊಳೆಯ ತಳದ ಹಾಸುಬಂಡೆಯಲ್ಲೇ ಚೌಕ ಕುಳಿ ತೋಡಿ ಕಂಬಗಳನ್ನು ನಿಲ್ಲಿಸಿದ್ದಾರೆ. ಮೂರು ಮೂರು ಕಂಬಗಳ ಸಾಲು, ಸಾಲಿನ ನೆತ್ತಿಗೆ ಅಡ್ಡತೊಲೆ, ತೊಲೆಯಿಂದ ತೊಲೆಗೆ ಉದ್ದನೆಯ ಚಪ್ಪಡಿ. ಗಾರೆಯಿಲ್ಲ, ಕಬ್ಬಿಣವಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ನೀರು ಬಂದು ಬಡಿಯುವ ಕಡೆ ಕಂಬಗಳ ಮೈಯನ್ನು ದೋಣಿಯ ಮೂತಿಯಂತೆ ಚೂಪಾಗಿಸಿದ್ದಾರೆ. ಅಂಚಿಗೆ ತಡೆಗೋಡೆ ಇಲ್ಲ, ಏಕೆಂದರೆ ದೊಡ್ಡ ನೆರೆ ಬಂದಾಗ ಹೊಳೆ ಇದರ ತಲೆಯ ಮೇಲೇ ಹಾಯುತ್ತದೆ. ತೇಲಿಬಂದ ಮರಗಳಿಗೆ ಸಿಕ್ಕಿಕೊಳ್ಳಲು ಆಸರೆ ಇರಬಾರದು. ಪಕ್ಕದ ಫಲಕದಲ್ಲಿ ‘ಬೊಮ್ಮಗೊಂಡನಾಯಕ ಕಟ್ಟಿಸಿದ ಸೇತುವೆ’ ಎಂದು ಬರೆದಿದೆ. ಕಟ್ಟಿಸಿದನಂತೆ! ಅವನ ಅಂಗೈಗೆ ಒಂದು ಹಿಡಿ ಮರಳಾದರೂ ಅಂಟಿತ್ತೇ ಎಂದು ಆಚೆ ದಡದ ಕೆಳಗೇರಿಯ ಹಿರಿಯರು ಇವತ್ತಿಗೂ ಕೇಳುತ್ತಾರೆ. ಅವರ ಬಾಯಲ್ಲಿ ಇದು ಬೆನ್ನಪ್ಪನ ಸೇತುವೆ.

ಹಿಂದೆ ಒಮ್ಮೆ, ಮದ್ದೇರಿ ಪಾಳೆಯಪಟ್ಟಾಗಿದ್ದ ಕಾಲದಲ್ಲಿ, ಹೊಳೆ ದಾಟಲು ಎದೆಮಟ್ಟದ ನೀರಿನ ಹಾಯ್ಗಡವೊಂದೇ ಇತ್ತು. ನಾಯಕನಿಗೆ ತನ್ನ ಕುದುರೆಗಳು ಮಳೆಗಾಲದಲ್ಲೂ ಆಚೆ ಹೋಗಬೇಕಿತ್ತು. ಚೌಡೋಜ ಬಂಡೆ ನೋಡಿ, ಕಟ್ಟಬಹುದು, ಆದರೆ ಮರಳು ಹೊರುವ ಜನ ಬೇಕು ಎಂದ. ಆಗೆಲ್ಲ ಕೆಲಸದ ಬಗೆ ಹಾಗಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕಂಬ ನಿಲ್ಲಿಸಿ, ಅವುಗಳ ನೆತ್ತಿ ಮುಚ್ಚುವಷ್ಟು ಮರಳು ಸುರಿದು ದಡದಿಂದ ದಡಕ್ಕೆ ದಿಬ್ಬ ಮಾಡಬೇಕು. ದಿಬ್ಬದ ಮೇಲೆ ಮರದ ಉರುಳೆ ಹಾಸಿ, ಎತ್ತು ಕಟ್ಟಿ, ಚಪ್ಪಡಿಗಳನ್ನು ಎಳೆದು ಕೂರಿಸಬೇಕು. ಆಮೇಲೆ ಮರಳು ತೆಗೆಯುವ ಕೆಲಸ ಹೊಳೆಯದು. ಹೊಸ ನೀರು ಬಂದು ದಿಬ್ಬವನ್ನು ಕೊಚ್ಚಿಕೊಂಡು ಹೋದರೆ ಸೇತುವೆ ತಾನಾಗಿ ಎದ್ದು ನಿಲ್ಲುತ್ತದೆ.

ಮರಳು ಹೊತ್ತವರು ಕೆಳಗೇರಿಯವರು, ಊರಿನವರು ಮುಟ್ಟಿಸಿಕೊಳ್ಳದ ಜನ. ಅವರ ಮುಂದಾಳು ಮೈಲವ್ವನೆಂಬ ಮುದುಕಿ. ಅವಳ ಒಬ್ಬಳೇ ಮಗಳು ಹುಲ್ಲಿನ ಹೊರೆ ಹೊತ್ತು ಹಾಯ್ಗಡ ದಾಟುವಾಗ ಹೊಳೆಯ ಪಾಲಾಗಿದ್ದಳು. ನಾಯಕ ಕೆಲಸ ನೋಡಲು ಬಂದಾಗ ಮೈಲವ್ವ ಬುಟ್ಟಿ ಇಳಿಸಿ ಕೈಮುಗಿದಳು. “ಬುದ್ಧೀ, ಕೂಲಿ ಮಾತು ಬಿಡ್ರಿ. ಸೇತುವೆ ಆದ ದಿನ ಕಾಲು ಒಣಗಿರಂಗೆ ಈ ಹೊಳೆ ದಾಟಬೇಕು ನಾನು. ಎಲ್ಲರಿಗಿಂತ ಮೊದಲು.” ನಾಯಕ ಕುದುರೆಯ ಮೇಲಿಂದಲೇ ನಕ್ಕು, “ಆಗಲಿ, ಮೊದಲ ಹೆಜ್ಜೆ ನಿನ್ನದೇ. ಮರಳು ಬೇಗ ಬೀಳಲಿ” ಎಂದ. ಪಕ್ಕದಲ್ಲಿದ್ದ ಚೌಡೋಜ, “ಅವ್ವಾ, ನೀನು ದಾಟೋತನಕ ನಾನು ಊರು ಬಿಡೋದಿಲ್ಲ” ಎಂದುಬಿಟ್ಟ. ಎಲ್ಲೂ ಎರಡನೆಯ ವರ್ಷ ನಿಂತವನಲ್ಲ ಅವನು. ಮದ್ದೇರಿಯಲ್ಲಿ ಎರಡು ಬೇಸಿಗೆ ನಿಂತ.

ಎರಡನೆಯ ಮಳೆಗಾಲದಲ್ಲಿ ಹೊಳೆ ದಿಬ್ಬವನ್ನು ಕೊಚ್ಚಿತು, ಸೇತುವೆ ಎದ್ದು ನಿಂತಿತು. ವಿಜಯದಶಮಿಗೆ ಪೂಜೆಯೆಂದು ಗೊತ್ತಾಯಿತು. ಅಷ್ಟರೊಳಗೆ ಊರ ಕಡೆಯ ತುದಿಗಿರುವ ತಲೆಗಂಬದ ಮೇಲೆ ನಾಯಕನ ಆಳೆತ್ತರದ ಉಬ್ಬುಶಿಲ್ಪ ಆಗಬೇಕು, ಬಂದವರಿಗೆಲ್ಲ ಮೊದಲು ಅವನೇ ಕಾಣಬೇಕೆಂದು ಅಪ್ಪಣೆ. ಅದರ ಹಿಂದೆಯೇ ಇನ್ನೊಂದು ಅಪ್ಪಣೆ ಹೊರಟಿತು: ಪೂಜೆಗೆ ಮೊದಲು ಸೇತುವೆಗೆ ಶುದ್ಧಿಯಾಗಬೇಕು, ಶುದ್ಧಿಯಾದ ಮೇಲೆ ಕೆಳಗೇರಿಯವರು ಕಲ್ಲು ಹತ್ತಕೂಡದು, ಹಿಂದಿನಂತೆ ಹಾಯ್ಗಡದಲ್ಲೇ ಹೋಗಬೇಕು. ಅವರ ನೆತ್ತಿಯ ಮೇಲೆ ಬಂದ ಮರಳು ಮೈಲಿಗೆಯಾಗಿರಲಿಲ್ಲ. ಆ ಮರಳ ಮೇಲೆ ಜಾರಿಬಂದ ಚಪ್ಪಡಿ ಮೈಲಿಗೆಯಾಗಿತ್ತು! ಚೌಡೋಜ ಮೈಲವ್ವನನ್ನು ಕರೆದುಕೊಂಡು ಚಾವಡಿಗೆ ಹೋದ. ಅವಳು ಅಂಗಳದಲ್ಲಿ ನಿಂತು, “ಬುದ್ಧೀ, ಅವತ್ತು ಮಾತು ಕೊಟ್ಟಿದ್ರಿ” ಎಂದಳು. ನಾಯಕ ಅವಳನ್ನು ಬೈಯಲಿಲ್ಲ, ಇಲ್ಲವೆನ್ನಲೂ ಇಲ್ಲ. ಕೂತಲ್ಲೇ ಅತ್ತ ತಿರುಗಿ ಕೂತು, ಪಾರುಪತ್ಯಗಾರನ ಜತೆ ಕುದುರೆಯ ಮಾತೆತ್ತಿಕೊಂಡ. ಮುದುಕಿ ಬಹಳ ಹೊತ್ತು ಆ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಚೌಡೋಜನೂ ನೋಡಿದ. ಅವನ ಕಿವಿ ಕೆಂಪಾಯಿತು.

ತಲೆಗಂಬಕ್ಕೆ ಚಾಪೆ ಕಟ್ಟಿಸಿ, ಒಳಗೆ ಯಾರನ್ನೂ ಬಿಡದೆ, ತಿಂಗಳು ಪೂರ್ತಿ ಕೆತ್ತಿದ. ಸಿಟ್ಟಿನಲ್ಲಿ ಹೊಡೆದರೆ ಕಲ್ಲು ಸೀಳುತ್ತದೆಂದು ಬಲ್ಲವನು; ಅದಕ್ಕೇ ಒಂದೊಂದು ಏಟನ್ನೂ ತಡೆದು ತಡೆದು ಹಾಕಿದನಂತೆ. ವಿಜಯದಶಮಿಯಂದು ವಾಲಗ ಊದುತ್ತಿರಲು, ಊರೆಲ್ಲ ನೆರೆದಿರಲು, ಚಾಪೆ ಬಿಚ್ಚಿದರು. ವಾಲಗ ನಿಂತಿತು. ಕಂಬದ ಮೇಲೆ ನಾಯಕನಿದ್ದ: ಮುಂಡಾಸಿನ ಜರಿ, ಹೆಗಲ ಶಾಲಿನ ಮಡಿಕೆ, ನಡುಪಟ್ಟಿಯ ಗಂಟು, ಕತ್ತಿನ ಹಿಂದಿನ ನರಹುಲಿ ಸಹ ಇತ್ತು. ಮುಖ ಮಾತ್ರ ಇರಲಿಲ್ಲ. ಜನಕ್ಕೆ ಬೆನ್ನು ಹಾಕಿ ಕೂತ ನಾಯಕ!

“ಮುಖ ಎಲ್ಲೋ?” ಎಂದು ನಾಯಕ ಕೂಗಿದ.

“ಕಂಡದ್ದನ್ನ ಕೆತ್ತೀನಿ ಬುದ್ಧಿ. ಈ ಅವ್ವಗೆ ನೀವು ತೋರಿಸಿದ್ದು ಇದನ್ನೇ.”

“ಒಡೀರೋ ಅದನ್ನ!” ಆಳುಗಳು ಸುತ್ತಿಗೆ ತಂದು ಎಡಹೆಗಲಿಗೆ ನಾಲ್ಕು ಬಿಟ್ಟರು. ಮೇಲಿನ ತೊಲೆ ‘ಕಟ್’ ಎಂದಿತು. ತಲೆಗಂಬ ಹೋದರೆ ಚಪ್ಪಡಿಯೂ ಹೋದೀತು ಎಂದು ಪಾರುಪತ್ಯಗಾರ ಕೈಯಡ್ಡ ಹಾಕಿದ. ಶಿಲ್ಪ ಕೆಡಿಸುವವರು ಮೂಗು ಮುರಿಯುತ್ತಾರೆ. ಮೂಗೇ ಇಲ್ಲದ್ದನ್ನು ಏನು ಮುರಿಯುವುದು? ಸೇತುವೆ ಏರಬೇಕೆಂದರೆ ನಾಯಕ ತನ್ನ ಬೆನ್ನನ್ನೇ ಹಾದುಹೋಗಬೇಕು. ಎರಡು ಹೆಜ್ಜೆ ಇಟ್ಟ, ನಿಂತ, ಸರ‍್ರನೆ ತಿರುಗಿ ಅರಮನೆಯತ್ತ ನಡೆದ. ಆಗ ಕಲ್ಲಿನ ಬೆನ್ನೂ ಮಾಂಸದ ಬೆನ್ನೂ ಒಟ್ಟಿಗೇ ಕಂಡವು. ಅದೇ ಮುಂಡಾಸು, ಅದೇ ಮಡಿಕೆ, ಅದೇ ಗಂಟು. ಕೆಳಗೇರಿಯ ಗುಂಪಿನಿಂದ ಹೆಂಗಸೊಬ್ಬಳು, “ಅಗೋ, ಬೆನ್ನಪ್ಪ ಹೊಂಟ!” ಎಂದಳು. ನಗು ಆ ದಡಕ್ಕೂ ಕೇಳಿತಂತೆ. ಹೆಸರು ಅಂದಿಗೇ ನಿಂತಿತು. ಅಷ್ಟು ಜನರ ಎದುರು ಹಬ್ಬದ ದಿನ ಚೌಡೋಜನ ಮೈಮುಟ್ಟಲು ಆಳುಗಳು ಅಂಜಿದರು.

ಅವನು ಮುದುಕಿಯ ಕೈ ಹಿಡಿದ. “ಬಾ ಅವ್ವಾ, ಇನ್ನೂ ಯಾರೂ ತುಳಿದಿಲ್ಲ. ಮೊದಲ ಹೆಜ್ಜೆ ನಿಂದೇ.”

ಮೈಲವ್ವ ಕೈ ಬಿಡಿಸಿಕೊಂಡಳು. “ಅವನು ಒಲ್ಲೆಂದು ಬಿಟ್ಟುಹೋದ ಮೇಲೆ ಉಳಿದದ್ದನ್ನ ನನಗೆ ಬಡಿಸ್ತೀಯೇನೋ ಓಜಪ್ಪಾ? ನನ್ನ ಮಗಳು ಇಳಿದ ನೀರಿಗೆ ಇಳೀತೀನಿ. ಈ ಕಲ್ಲು ಅವನೇ ಹೊದ್ದುಕೊಳ್ಳಲಿ.” ಸೀರೆ ಎತ್ತಿ ಕಟ್ಟಿ ಹಾಯ್ಗಡಕ್ಕೆ ಇಳಿದಳು. ಅವಳ ಹಿಂದೆ ಕೇರಿಯೆಲ್ಲ ಇಳಿಯಿತು. ಮರುವರ್ಷದ ನೆರೆ, ಸೇತುವೆಯ ತುದಿಯನ್ನು ಆಚೆ ದಡಕ್ಕೆ ಸೇರಿಸಿದ್ದ ಮಣ್ಣಿನ ಏರಿಯನ್ನು ಕಿತ್ತೊಯ್ದಾಗ ನಾಯಕನ ಆಳುಗಳು ಕೆಳಗೇರಿಗೆ ಬಂದು ಕೂಗಿದರು, ಗದರಿದರು, ಕೊನೆಗೆ ಬೇಡಿದರು. ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ನಾಯಕನ ಕುದುರೆಗಳು ಕೆಳಗೇರಿಯವರ ಹಿಂದೆ ಎದೆಮಟ್ಟದ ನೀರಲ್ಲೇ ಹಾದವು.

ಈಗಲೂ ಸೇತುವೆಯ ಆ ತುದಿ ದಡ ಮುಟ್ಟದೆ ಆಳೆತ್ತರದಲ್ಲಿ ನಿಂತಿದೆ. ಆಚೆ ಹೋಗುವವರು ಅಲ್ಲಿಂದ ಜಿಗಿಯಬೇಕು. ಈ ತುದಿಯ ತಲೆಗಂಬ ಎಣ್ಣೆ ಹಿಡಿದು ಕರ‍್ರಗಾಗಿದೆ. ಹೊರೆ ಹೊತ್ತು ನಡು ಹಿಡಿದ ಹೆಂಗಸರು ಎಣ್ಣೆ ಹಚ್ಚಿಕೊಂಡು ಬಂದು, ಆ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಗಸಗಸ ಉಜ್ಜಿಕೊಳ್ಳುತ್ತಾರೆ. ನೋವು ಇಳಿಯುತ್ತದೆ ಎನ್ನುತ್ತಾರೆ. ಯಾರನ್ನು ಕಂಡು ತಿರುಗಿ ಕೂತನೋ ಅವರ ಬೆನ್ನು ತಿಕ್ಕುವುದೇ ಅವನ ಪಾಲಿಗೆ ಉಳಿದ ದೊರೆತನ. ಫಲಕ ಇದನ್ನೂ ಹೇಳುವುದಿಲ್ಲ.

ಆ ವಿಜಯದಶಮಿಯಂದು ಹೊತ್ತಿಳಿಯುವ ಮುಂಚೆ ಚೌಡೋಜ ಗುಡಿಸಲಲ್ಲಿ ಉಳಿ, ಚಾಣ, ಕೊಡತಿಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಒದ್ದೆ ಸೀರೆಯಲ್ಲೇ ಮರಳಿ ಬಂದ ಮೈಲವ್ವ ಜೋಳದ ರೊಟ್ಟಿಯ ಗಂಟನ್ನು ಅವನೆದುರು ಇಟ್ಟು, “ಮುಂದಿನ ಊರಾಗೆ ಯಾರ ಬೆನ್ನು ಕೆತ್ತೀಯೋ?” ಎಂದಳು. ಅವನು ನಗಲಿಲ್ಲ. “ನಿನ್ನ ದಾಟಿಸೋತನಕ ಹೋಗಲ್ಲ ಅಂದಿದ್ದೆ ಅವ್ವಾ” ಎಂದ. “ನಾನು ದಾಟಿ ಬಂದೀನಲ್ಲ, ಎರಡು ಸಲ” ಎಂದಳು ಅವಳು, ಸೆರಗು ಹಿಂಡುತ್ತ. ಅವನು ಗೋಣಿಯ ಬಾಯಿಗೆ ಹಗ್ಗ ಬಿಗಿದ. ಎಷ್ಟು ಜಗ್ಗಿ ಬಿಗಿದನೆಂದರೆ ಹಗ್ಗ ಹರಿಯಿತು. ತುಂಡುಗಳನ್ನು ಸೇರಿಸಿ ಮತ್ತೆ ಕಟ್ಟತೊಡಗಿದ.