ಶಾಯಿ ಬಿದ್ದ ಬ್ಯಾಗು

ತುಂಗಭದ್ರೆಯ ದಡದ ಊರೊಂದರಲ್ಲಿ ಕೆಂಚವ್ವ ಎಂಬ ಮುದುಕಿ ಇದ್ದಳು. ಗುಜರಿಯವರು ತಂದುಕೊಡುವ ಹಳೆಯ ಚರ್ಮದ ಬ್ಯಾಗುಗಳನ್ನು ಒರೆಸಿ, ಹೊಲಿದು, ಎಣ್ಣೆ ಕುಡಿಸಿ, ಮತ್ತೆ ಯಾರದೋ ಹೆಗಲಿಗೆ ಏರುವಂತೆ ಮಾಡುವುದು ಅವಳ ಕೆಲಸ. ಮನೆಯ ಜಗಲಿಯೇ ಅವಳ ಕಾರ್ಖಾನೆ.

ಕಲಿಯುತ್ತೇನೆಂದು ಬಂದವರನ್ನು ಅವಳು ಬೇಡ ಎನ್ನುತ್ತಿರಲಿಲ್ಲ. ಹೋಗುತ್ತೇನೆಂದವರನ್ನು ಇರು ಎನ್ನುತ್ತಲೂ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಇಂದುಧರ ಬಂದ. ಹೈಸ್ಕೂಲು ಮೇಷ್ಟ್ರಾಗಿದ್ದು ಆಗಷ್ಟೇ ನಿವೃತ್ತನಾದವನು. ಕಂಕುಳಲ್ಲಿ ಪೇಪರು ಸುತ್ತಿದ ಒಂದು ಗಂಟು.

"ಈ ಬ್ಯಾಗು ಸರಿ ಮಾಡಬೇಕಿತ್ತು."

"ಇಟ್ಟು ಹೋಗಿ ಸ್ವಾಮಿ. ಎಂಟು ದಿನ ಬಿಟ್ಟು ಬನ್ನಿ."

"ಹಾಗಲ್ಲ. ನಾನೇ ಸರಿ ಮಾಡಬೇಕು. ನೀವು ಕಲಿಸಬೇಕು."

ಕೆಂಚವ್ವ ಅವನ ಇಸ್ತ್ರಿ ಮಾಡಿದ ಅಂಗಿಯನ್ನೂ ಜೇಬಿನ ಪೆನ್ನನ್ನೂ ನೋಡಿದಳು.

"ಕಲಿಯೋರನ್ನ ನಾನು ನೀನು ಅಂತೀನಿ. ಮೇಷ್ಟ್ರಿಗೆ ಆಗ್ತೈತಾ?"

"ಆಗುತ್ತೆ ಅವ್ವ."

"ಹಂಗಾದ್ರೆ ಚಪ್ಪಲಿ ಬಿಟ್ಟು ಮೇಲೆ ಬಾ."

ಅವನು ಪೇಪರು ಬಿಚ್ಚಿದ. ಹೆಂಗಸರು ಹಿಡಿಯುವ ಕಂದು ಬಣ್ಣದ ಬ್ಯಾಗು. ಹಿಡಿಕೆಯ ಹೊಲಿಗೆ ಬಿಟ್ಟಿತ್ತು. ಕೊಂಡಿ ತುಕ್ಕು ಹಿಡಿದಿತ್ತು. ಒಂದು ಮಗ್ಗುಲಲ್ಲಿ ಒಳಗಿನಿಂದ ಹೊರಕ್ಕೆ ಹಾಯ್ದು ಬಂದ, ಅಂಗೈ ಅಗಲದ ನೀಲಿ ಕಲೆ.

"ಇಂಕು," ಎಂದ ಇಂದುಧರ. "ಒಳಗಿದ್ದ ಬಾಟಲಿ ಸೋರಿತು. ಬಹಳ ವರ್ಷದ ಹಿಂದೆ."

ಕೆಂಚವ್ವ ಬ್ಯಾಗಿನ ಬಾಯಿ ಅಗಲಿಸಿ ಒಳಗೆ ನೋಡಿದಳು. ಕೈ ಹಾಕಿ ಸವರಿದಳು. ಆಮೇಲೆ ಅವನ ಮುಖ ನೋಡಿದಳು.

ಎದ್ದು ಹೋಗಿ ಅದನ್ನು ಗೋಡೆಯ ಗೂಟಕ್ಕೆ ನೇತು ಹಾಕಿದಳು. ಬೇರೆ ಯಾವುದೋ ಬ್ಯಾಗನ್ನು ಅವನ ಮುಂದೆ ಇಟ್ಟಳು.

"ಇದರಿಂದ ಶುರು ಮಾಡು."

ಮೊದಲ ಹದಿನೈದು ದಿನ ಅವನಿಗೆ ಸಿಕ್ಕಿದ್ದು ಒಂದೇ ಕೆಲಸ. ಬ್ಯಾಗನ್ನು ಬೋರಲು ಹಾಕಿ ತಟ್ಟುವುದು, ಒಳಗಿನ ಬಟ್ಟೆಯನ್ನು ಹೊರಕ್ಕೆಳೆದು ಮೂಲೆ ಮೂಲೆಯ ಧೂಳನ್ನು ಬ್ರಷ್ಷಿನಿಂದ ತೆಗೆಯುವುದು. ಬಸ್ಸಿನ ಟಿಕೀಟು ಬೀಳುತ್ತಿತ್ತು. ಹೇರ್‌ಪಿನ್ನು, ಒಣಗಿದ ಹೂವಿನ ದಾರ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಬೀಳುತ್ತಿದ್ದವು.

"ಕೊಳೆ ಇರೋದು ಹೊರಗಡೆ," ಎಂದ ಒಂದು ದಿನ. "ನಾವು ಒಳಗಡೆಯಿಂದ ಯಾಕೆ ಶುರು ಮಾಡ್ತೀವಿ?"

"ಹೊರಗಡೆಯಿಂದ ಶುರು ಮಾಡೋರು ಕೊಳ್ಳೋಕೆ ಬಂದೋರು."

ಸೋಪು ಹಾಕಿ ಒರೆಸುವ ಕೆಲಸ ಬಂದಾಗ ಅವನು ಅವಸರ ಮಾಡಿದ. ಒದ್ದೆ ಬ್ಯಾಗನ್ನು ಅಂಗಳದ ಬಿಸಿಲಿಗೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅದು ಸುಟ್ಟ ಹಪ್ಪಳದ ಹಾಗೆ ಸೆಟೆದು ನಿಂತಿತ್ತು.

ಕೆಂಚವ್ವ ಅದನ್ನು ಅವನ ಕೈಗೆ ಕೊಟ್ಟಳು. "ಮಡಿಸಿ ನೋಡು."

ಮಡಿಸಿದ. ಚರ್ಮ ಸೀಳಿತು.

"ಬೇಗ ಒಣಗಲಿ ಅಂತ ಇಟ್ಟೆ ಅವ್ವ."

"ಒಣಗೈತಲ್ಲ."

ಆಮೇಲೆ ಅವನು ಒದ್ದೆ ಬ್ಯಾಗುಗಳನ್ನು ನೆರಳಿನಲ್ಲಿಟ್ಟು, ಎರಡು ಮೂರು ದಿನ ಕಾಯುವುದನ್ನು ಕಲಿತ. ಎಣ್ಣೆ ಹಚ್ಚುವುದನ್ನು, ಸಾಕಾದಾಗ ನಿಲ್ಲಿಸುವುದನ್ನು ಕಲಿತ. ಕೊನೆಗೆ ಮೇಣ. ಅದಕ್ಕೆ ಅವನು ಬಟ್ಟೆ ತೆಗೆದುಕೊಂಡಾಗ ಕೆಂಚವ್ವ ಅದನ್ನು ಕಸಿದು ಪಕ್ಕಕ್ಕೆ ಎಸೆದಳು.

"ಅಂಗೈಲಿ ಹಚ್ಚು. ಕೈ ಬಿಸಿಗೆ ಅದು ಕರಗಬೇಕು." ಅವನ ಕೈ ಹಿಡಿದು ತಿರುಗಿಸಿ ನೋಡಿದಳು. "ಜೀವಮಾನ ಎಲ್ಲ ಸೀಮೆಸುಣ್ಣ ಹಿಡಿದ ಕೈ. ಮೊದಲು ಇದಕ್ಕೇ ಒಂದಿಷ್ಟು ಎಣ್ಣೆ ಹಚ್ಚಬೇಕು ನೋಡು."

ಬೇಸಿಗೆ ಮುಗಿಯಿತು. ಹೊಳೆಗೆ ಹೊಸ ನೀರು ಬಂತು. ಗೂಟದ ಮೇಲಿನ ಬ್ಯಾಗು ಅಲ್ಲೇ ಇತ್ತು.

"ಇವತ್ತು ಅದನ್ನ ಇಳಿಸಲಾ ಅವ್ವ?" ಎಂದು ಅವನು ಆಗಾಗ ಕೇಳುತ್ತಿದ್ದ.

"ಅದು ಯಾರದು?" ಎಂದು ಅವಳು ಕೇಳುತ್ತಿದ್ದಳು.

"ನಮ್ಮ ಅಕ್ಕಂದು. ದಾಕ್ಷಾಯಣಕ್ಕ ಅಂತ. ಹರಪನಹಳ್ಳೀಲಿ ಇದ್ದಾಳೆ."

"ಅವಳೇ ಸರಿ ಮಾಡಿಸು ಅಂದಳಾ?"

"ಇಲ್ಲ. ಅಟ್ಟದ ಮೇಲಿತ್ತು. ನನ್ನ ಹತ್ತಿರ ಇದೆ ಅಂತ ಅವಳಿಗೆ ಗೊತ್ತಿಲ್ಲ. ಪಂಚಮಿಗೆ ಅವಳನ್ನ ಕರೆಯೋಕೆ ಹೋಗ್ತೀನಲ್ಲ, ಆಗ ಕೊಡಬೇಕು."

ಶ್ರಾವಣದ ನಾಗರಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ಆ ಕಡೆಯ ರೂಢಿ. ಇಂದುಧರ ಒಂದು ವರ್ಷವೂ ತಪ್ಪಿಸಿದವನಲ್ಲ.

"ಪಂಚಮಿ ದೂರ ಐತೆ," ಎಂದು ಕೆಂಚವ್ವ ಮಾತು ಮುಗಿಸುತ್ತಿದ್ದಳು.

ಪಂಚಮಿ ಹತ್ತಿರ ಬಂತು. ಐದು ದಿನ ಉಳಿದಿತ್ತು.

ಅವತ್ತು ಬೆಳಕು ಹರಿಯುವ ಹೊತ್ತಿಗೇ ಇಂದುಧರ ಬಂದ. ಕೆಂಚವ್ವ ಹೊಳೆಗೆ ಹೋಗಿದ್ದಳು. ಅವನು ಬ್ಯಾಗನ್ನು ಗೂಟದಿಂದ ತಾನೇ ಇಳಿಸಿದ.

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಕಲೆಯನ್ನು ಉಜ್ಜಿದ. ನೀಲಿ ಅಳಿಸಲಿಲ್ಲ, ಹರಡಿತು. ಇನ್ನಷ್ಟು ಉಜ್ಜಿದ. ಚರ್ಮದ ಕಂದು ಬಣ್ಣವೇ ಹತ್ತಿಗೆ ಬಂತು. ಅಂಗೈ ಅಗಲವಿದ್ದ ಕಲೆ ಒಂದು ಗೇಣು ಆಯಿತು.

ಅವನು ಎದ್ದು ಕಪಾಟಿನಿಂದ ಕಪ್ಪು ಬಣ್ಣದ ಡಬ್ಬಿ ತಂದ. ಮುಚ್ಚಳ ತೆಗೆದು, ಕುಂಚ ಅದ್ದಿ, ಎತ್ತಿ ಹಿಡಿದ.

ಅಷ್ಟರಲ್ಲಿ ಕೆಂಚವ್ವ ಒದ್ದೆ ಸೀರೆಯಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಕೊಡ ಇಳಿಸಿದಳು. ಅವನ ಎದುರು ಕೂತಳು.

"ಕಲೆಗೆ ಮಾತ್ರ ಹಚ್ತೀಯೋ, ಇಡೀ ಬ್ಯಾಗಿಗೋ?"

"ಇಡೀ ಬ್ಯಾಗಿಗೆ."

"ಹಂಗಾದ್ರೆ ಒಳಗಿನ ಬಟ್ಟೇನೂ ಬದಲಾಯಿಸು."

"ಯಾಕೆ? ಒಳಗೆ ಯಾರು ನೋಡ್ತಾರೆ?"

ಅವಳು ಬ್ಯಾಗನ್ನು ತೆಗೆದುಕೊಂಡು ಒಳಬಟ್ಟೆಯನ್ನು ಹೊರಕ್ಕೆ ತಿರುವಿದಳು.

"ಬಾಟಲಿ ಒಳಗೆ ಬಿದ್ದು ಸೋರಿದ್ರೆ ಇಂಕು ತಳದಾಗೆ ನಿಲ್ತೈತೆ. ತಳದಿಂದ ಮೇಲಕ್ಕೆ ಹಬ್ತೈತೆ. ಇಲ್ಲಿ ನೋಡು. ಬಾಯಿಂದ ಇಳಿದಿರೋ ಗೆರೆ. ಇಲ್ಲೊಂದು, ಇಲ್ಲೊಂದು, ಈ ಮೂಲೆಯಾಗೊಂದು. ಯಾರೋ ಬ್ಯಾಗಿನ ಬಾಯಿ ತೆಗೆದು, ಕೈ ಆಡಿಸಿ ಸುರಿದಾರೆ."

ಇಂದುಧರನ ಕೈಯಲ್ಲಿದ್ದ ಕುಂಚದಿಂದ ಒಂದು ಹನಿ ನೆಲಕ್ಕೆ ಬಿತ್ತು.

"ಇದು ನಿಮಗೆ ಮೊದಲ ದಿನವೇ ಗೊತ್ತಿತ್ತು."

"ಬ್ಯಾಗಿನದು ಗೊತ್ತಿತ್ತು. ನಿಂದು ಗೊತ್ತಿರಲಿಲ್ಲ."

ಕೆಂಚವ್ವ ಸೀರೆಯ ಸೆರಗು ಹಿಂಡಿಕೊಳ್ಳುತ್ತ ಕೂತಿದ್ದಳು. ಅವಳಿಗೆ ಅವಸರವಿರಲಿಲ್ಲ.

"ಸುರಿದವನು ನಾನು," ಎಂದ.

"ಎಷ್ಟು ವಯಸ್ಸು ಆಗ?"

"ಹನ್ನೆರಡು. ಅಕ್ಕನಿಗೆ ಹದಿನೆಂಟು. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಕ್ಕನಿಗೆ ಬಳ್ಳಾರಿಯಿಂದ ಕಾಗದ ಬಂತು. ಟೀಚರ್ ಟ್ರೈನಿಂಗಿಗೆ ಪರೀಕ್ಷೆ, ಸಂದರ್ಶನ. ಸೋದರಮಾವ ಈ ಬ್ಯಾಗು ತಂದುಕೊಟ್ಟ. ಅವಳು ಮಾರ್ಕ್ಸ್ ಕಾರ್ಡು, ಆ ಕಾಗದ, ಪೆನ್ನು, ಇಂಕಿನ ಬಾಟಲಿ ಎಲ್ಲ ಇದರಲ್ಲಿ ಜೋಡಿಸಿಟ್ಟು ಸ್ನಾನಕ್ಕೆ ಹೋದಳು."

"ಅವಳು ಹೋದ್ರೆ ಅನ್ನ ಹಾಕೋರು ಯಾರು ಅಂತ ಅನ್ನಿಸ್ತಾ?"

"ಅನ್ನಕ್ಕಲ್ಲ ಅವ್ವ. ಸಂಜೆ ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರೂ ಇರೋದಿಲ್ಲ ಅನ್ನಿಸಿತು." ಅವನು ಕುಂಚವನ್ನೇ ನೋಡುತ್ತಿದ್ದ. "ಎಲ್ಲದರ ಮೇಲೂ ಸುರಿದೆ. ಮುಚ್ಚಳ ಸಡಿಲ ಮಾಡಿ ಬಾಟಲೀನ ಒಳಗೇ ಮಲಗಿಸಿದೆ. ಬಸ್ಸು ಹೋಯಿತು. ಅಪ್ಪ ಅವಳಿಗೆ ಬೈದರು. ಅವಳು ಅಳುತ್ತ, ಮುಚ್ಚಳ ನಾನೇ ಸರಿಯಾಗಿ ಹಾಕಿರಲಿಲ್ಲ ಅಂದಳು."

"ಮುಂದಿನ ವರ್ಷ ಹೋಗಲಿಲ್ಲವಾ?"

"ಮುಂದಿನ ವರ್ಷ ಅಪ್ಪ ಹಾಸಿಗೆ ಹಿಡಿದರು. ಅವಳು ಹೊಲಿಗೆ ಹಾಕಿ ನನ್ನನ್ನ ಓದಿಸಿದಳು. ನಾನು ಮೇಷ್ಟ್ರಾದೆ."

ಹೊಳೆಯ ಸದ್ದು ಕೇಳುತ್ತಿತ್ತು.

"ಈಗಲೂ ಅವಳ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿ ತೆಗೆಯೋಕೆ ಯಾರ ಕೈಲೂ ಆಗೋದಿಲ್ಲ," ಎಂದ. "ಅಷ್ಟು ಬಿಗಿಯಾಗಿ ಮುಚ್ಚಳ ತಿರುಗಿಸ್ತಾಳೆ. ತಿರುಗಿಸಿ, ಮತ್ತೊಂದು ಸಲ ಮುಟ್ಟಿ ನೋಡ್ತಾಳೆ. ಮನೆಯವರೆಲ್ಲ ನಗ್ತಾರೆ. ಅವಳೂ ನಗ್ತಾಳೆ."

"ನೀನು?"

"ನಾನೂ ನಗ್ತೀನಿ."

ಕೆಂಚವ್ವ ಹೊರಕ್ಕೆ ತಿರುವಿದ್ದ ಒಳಬಟ್ಟೆಯನ್ನು ಮತ್ತೆ ಒಳಕ್ಕೆ ತಳ್ಳಿದಳು.

"ಹೋದ ವರ್ಷ ಅವಳ ಮೊಮ್ಮಗಳು ಪರೀಕ್ಷೆಗೆ ಹೊರಟಿದ್ದಳು. ಎಲ್ಲಾ ನೋಡಿ ಇಟ್ಟುಕೋ, ನನ್ನ ಹಾಗೆ ಮೈಮರೆಯಬೇಡ ಅಂದಳು ಅಕ್ಕ. ನಾನು ಅಲ್ಲೇ ಕಾಫಿ ಕುಡೀತಾ ಕೂತಿದ್ದೆ. ಮನೆಗೆ ಬಂದು ಅಟ್ಟ ಹತ್ತಿ ಇದನ್ನ ಹುಡುಕಿದೆ. ಹೊಸದರ ಹಾಗೆ ಮಾಡಿ ಅವಳ ಕೈಗಿಟ್ಟರೆ..."

"ಇಟ್ಟರೆ?"

"ಅವಳಿಗೆ ಸಂತೋಷವಾಗುತ್ತೆ."

"ನಿನಗೆ?"

ಅವನು ನೆಲಕ್ಕೆ ಬಿದ್ದಿದ್ದ ಕಪ್ಪು ಹನಿಯನ್ನು ಬೆರಳಿನಿಂದ ಒರೆಸಿದ.

ಕೆಂಚವ್ವ ಬಣ್ಣದ ಡಬ್ಬಿಯನ್ನು ಅವನ ಮಂಡಿಯ ಹತ್ತಿರಕ್ಕೆ ಸರಿಸಿದಳು. ಬ್ಯಾಗನ್ನು ಅವನ ತೊಡೆಯ ಮೇಲಿಟ್ಟಳು.

"ಹಚ್ಚು. ಒಳ್ಳೇ ಬಣ್ಣ ಅದು. ಎರಡು ಸಲ ಹಚ್ಚಿ, ಒಳಗೆ ಹೊಸ ಬಟ್ಟೆ ಹಾಕಿದ್ರೆ ನಾನೂ ಕಂಡುಹಿಡಿಯಲಾರೆ. ನಿಮ್ಮಕ್ಕನೂ ಕಂಡುಹಿಡಿಯಲಾರಳು. ಗೊತ್ತಿರೋನು ನೀನೊಬ್ಬನೇ ಇರ್ತೀಯ. ಇಷ್ಟು ವರ್ಷ ಇದ್ದ ಹಂಗೆ."

ಹೇಳಿ, ಸೀರೆ ಬದಲಾಯಿಸಲು ಒಳಗೆ ಹೋದಳು.

ಅವಳು ಹೊರಗೆ ಬಂದಾಗ ಕುಂಚ ತೊಳೆದಿತ್ತು. ಡಬ್ಬಿಯ ಮುಚ್ಚಳ ಹಾಕಿತ್ತು. ಇಂದುಧರ ಬ್ಯಾಗನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದ.

"ಇವತ್ತು ಉಜ್ಜಿ ಕಲೇನ ಇನ್ನೂ ದೊಡ್ಡದು ಮಾಡಿದೆ ಅವ್ವ."

"ಅದೂ ನಿನ್ನದೇ. ಜೊತೇಲಿ ಇರಲಿ."

"ಈಗ ಇದನ್ನ ಏನು ಮಾಡಲಿ?"

"ನಾಲ್ಕು ತಿಂಗಳಿಂದ ಕೆಲಸ ಕಲೀತಿದ್ದೀಯಲ್ಲ. ಕಲೆ ಒಂದು ಬಿಟ್ಟು ಉಳಿದಿದ್ದೆಲ್ಲ ಹಂಗೇ ಬಿದ್ದೈತೆ. ಮಾಡು."

ಅವನು ಒಳಗಡೆಯಿಂದ ಶುರು ಮಾಡಿದ. ಮೂಲೆಯ ಧೂಳು ತೆಗೆದ. ನೀಲಿ ಗೆರೆಗಳಿದ್ದ ಬಟ್ಟೆಯನ್ನು ಬದಲಾಯಿಸದೆ, ಬಿಚ್ಚಿಹೋಗಿದ್ದ ಅಂಚನ್ನು ಮಾತ್ರ ಹೊಲಿದ. ಕೊಂಡಿಯ ತುಕ್ಕು ಉಜ್ಜಿದ. ಸೋಪಿನಿಂದ ಒರೆಸಿ ನೆರಳಿನಲ್ಲಿಟ್ಟ. ಎರಡು ದಿನ ಅದರ ಪಕ್ಕದಲ್ಲೇ ಕೂತು ಬೇರೆ ಬ್ಯಾಗುಗಳ ಕೆಲಸ ಮಾಡಿದ. ಹಿಡಿಕೆಗೆ ಮೇಣ ಸವರಿದ ದಾರದಲ್ಲಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿಗೆ ಹಾಕಿದ. ಒಂದೆರಡು ಕಡೆ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದ.

ಕೊನೆಯ ದಿನ ಅಂಗೈಗೆ ಮೇಣ ತೆಗೆದುಕೊಂಡ. ಕಲೆಯ ಹತ್ತಿರ ಬಂದಾಗ ಕೈ ನಿಂತಿತು.

"ಇದರ ಮೇಲೂ ಹಚ್ಚಲಾ?"

"ಅದೂ ಚರ್ಮವೇ ಅಲ್ಲವಾ?"

ಹಚ್ಚಿದ. ಕಂದು ಬಣ್ಣ ಒಳಗಿನಿಂದ ಬೆಳಗಿದ ಹಾಗಾಯಿತು. ನೀಲಿಯೂ ಅಷ್ಟೇ ಸ್ಪಷ್ಟವಾಗಿ ಎದ್ದು ಕಂಡಿತು. ಇಂದುಧರ ಅದನ್ನು ನೋಡುತ್ತ ಕೂತ. ಅವನ ಕಣ್ಣು ಒದ್ದೆಯಾಗಿತ್ತು. ಕೆಂಚವ್ವ ಎದ್ದು ಹೋಗಿ ಮಡಕೆಯಿಂದ ನೀರು ತಂದುಕೊಟ್ಟಳು.

ಪಂಚಮಿಯ ಹಿಂದಿನ ದಿನ ಅವನು ಬ್ಯಾಗು ಹಿಡಿದು ಹೊರಟ. ಸುತ್ತಲು ಪೇಪರು ತಂದಿರಲಿಲ್ಲ. ಕೆಂಚವ್ವ ಕೋಲೂರಿಕೊಂಡು ಬೀದಿಯ ತಿರುವಿನವರೆಗೂ ಬಂದಳು. ಯಾವ ಶಿಷ್ಯನನ್ನೂ ಅವಳು ಹಾಗೆ ಕಳಿಸಿದ್ದಿಲ್ಲ.

"ಏನು ಹೇಳಬೇಕು ಅಂತ ದಾರಿ ಉದ್ದಕ್ಕೂ ಪಾಠ ಮಾಡ್ಕೊಂಡು ಹೋಗಬೇಡ ಮೇಷ್ಟ್ರೇ," ಎಂದಳು. "ಬ್ಯಾಗು ಕೊಡು. ಒಳಗಿನ ಬಟ್ಟೆ ತೋರಿಸು. ಆಮೇಲೆ ಮಾತು ತಾನೇ ಬರ್ತೈತೆ."

ಅವನು ತಲೆಯಾಡಿಸಿದ. ನಾಲ್ಕು ಹೆಜ್ಜೆ ಹೋದವನು ನಿಂತ. ತಿರುಗಿ ಬಂದ.

"ಇಷ್ಟು ವರ್ಷ ನಾನು ಕರೆದ ಕೂಡಲೇ ಸೀರೆ ಮಡಚಿಕೊಂಡು ಹೊರಟುಬಿಡ್ತಿದ್ದಳು ಅವ್ವ. ಇದನ್ನ ಕೇಳಿದ ಮೇಲೆ, ನಿನ್ನ ಜೊತೆ ಬರೋದಿಲ್ಲ ಹೋಗು ಅಂದುಬಿಟ್ಟರೆ?"

ಕೆಂಚವ್ವ ಅವನ ಹೆಗಲ ಮೇಲೆ ಕೈಯಿಟ್ಟಳು.

"ಹೋಗೋದೋ ಇರೋದೋ, ಈ ಸಲ ಅವಳೇ ತೀರ್ಮಾನ ಮಾಡಲಿ."