ಮೋತ್ಯಾನ ಡಬ್ಬಿ

ಹೂಂಗುಟ್ಟುವವರು ಇದ್ದೀರೇನು? ಇದ್ದರೆ ಹೇಳುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಎದ್ದು ಹೋಗಬಹುದು. ಯಾಕೆಂದರೆ ಇದು ನಾಯಿ ಹೇಲಿನ ಕತೆ. ನಗುವವರೂ ಸ್ವಲ್ಪ ತಡೆದು ನಗಿ, ಇದರಲ್ಲಿ ಒಬ್ಬ ತಾಯಿಯ ಜೀವ ಸಿಕ್ಕಿಕೊಂಡಿತ್ತು.

ಕುರಿ ಕಾಯುವ ಹಾಲವ್ವನಿಗೆ ಒಬ್ಬನೇ ಮಗ, ಮಾಳಿಂಗ. ಮೂವತ್ತು ವರ್ಷದ ಗಟ್ಟಿ ಆಳು, ಕುಂಟು ಕುರಿಯನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುತ್ತಿದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಕುರಿ ಎಣಿಸು ಅಂದರೆ ಎಣಿಸುತ್ತಿದ್ದ. ಸಾಕು ಅನ್ನುವವರೆಗೆ ಮೊದಲಿಂದ ಮತ್ತೆ ಎಣಿಸುತ್ತಲೇ ಇರುತ್ತಿದ್ದ. “ನಾ ಸತ್ತರ ನಿನ್ನ ಗತಿ ಏನೋ!” ಎಂದು ಹಾಲವ್ವ ದಿನಕ್ಕೊಮ್ಮೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಅವಳ ಬಲಪಕ್ಕೆಯ ಕೆಳಗೆ ಗಡ್ಡೆ ಎದ್ದಿತು. ಊಟ ಸೇರಲಿಲ್ಲ, ನಾಲ್ಕು ಹೆಜ್ಜೆ ನಡೆದರೆ ಉಸಿರು ಮೇಲಕ್ಕೆ ಬರುತ್ತಿತ್ತು. ತಾಲೂಕಿನ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಚಿತ್ರ ತೆಗೆಸಿ ನೋಡಿದಳು.

“ಕಾಳಿಜದಾಗ, ಅಂದ್ರ ಲಿವರಿನಾಗ, ನೀರಗುಳ್ಳಿ ಆಗೇತವ್ವ, ನೋಡಿದ್ರ ಹಂಗ ಕಾಣತೈತಿ. ಕುರಿ ಕೊಯ್ದಾಗ ಗುಳ್ಳಿ ಇದ್ದ ಕಾಳಿಜ ನಾಯಿಗೆ ಹಾಕತೀರೇನು?”

“ಹಾಕತೀವ್ರಿ. ಮತ್ತೇನ್ ಮಾಡೂದು?”

“ಅದನ್ನ ತಿಂದ ನಾಯಿ ಹೊಟ್ಟ್ಯಾಗ ಹುಳ ಆಗತಾವ. ಹುಳದ ತತ್ತಿ ಹೇಲಿನಾಗ ಬೀಳತಾವ, ನಾಯಿ ಮೈಗೆ ಹತ್ತತಾವ. ಅದನ್ನ ಮುಟ್ಟಿದ ಕೈಲೆ ನೀವು ಉಣ್ಣತೀರಿ. ಆಪರೇಷನ್ ಮಾಡತೀನಿ. ಆದ್ರ ನಾಯೀನ ಪರೀಕ್ಷಾ ಮಾಡಸ್ರಿ. ಇಲ್ಲಂದ್ರ ಇವತ್ತ ನಿಮಗ, ನಾಳೆ ಮಗಗ.”

ಹಾಲವ್ವ ಪಕ್ಕದಲ್ಲಿದ್ದ ಮಗನ ಕಡೆ ತಿರುಗಿ ನೋಡಿದಳು. ಮಾಳಿಂಗ ಮತ್ತು ನಾಯಿ ಮೋತ್ಯಾ ಒಂದೇ ಕಂಬಳಿಯಲ್ಲಿ ಮಲಗುವವರು. ಅವನ ಹೊಟ್ಟೆಯ ಚಿತ್ರವನ್ನೂ ತೆಗೆಸಿದರು. ಸದ್ಯ, ಏನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಗುಳ್ಳೆ ತುಂಬಿದ ತುಂಡುಗಳನ್ನು ನಾಯಿಗಳಿಗೆ ಎಸೆಯುತ್ತ ಬಂದದ್ದು ಅವಳದೇ ಕೈ. ಆ ಕೈಯನ್ನು ಅವಳು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಚ್ಚಿಕೊಂಡೇ ಬಂದಳು.

ದನದ ಆಸ್ಪತ್ರೆ ಮೂರು ಮೈಲಿ ದೂರ. ಅವಳಿಗೆ ನಡೆಯಲಾಗದು. ಮಗನನ್ನೇ ಕಳಿಸಬೇಕು.

“ಈ ಡಬ್ಬಿ ತಗೋ. ನಾಯಿ ಹೇಲು ತುಂಬಕೊಂಡು ದನದ ಡಾಕ್ಟರಿಗೆ ಕೊಟ್ಟು ಬಾ.”

ಮಾಳಿಂಗ ಹೊರಟ. ಹಟ್ಟಿಯ ಮುಂದೆ ಒಂದಿಷ್ಟು, ಓಣಿಯಲ್ಲಿ ಒಂದಿಷ್ಟು, ಮೂರು ಮೈಲಿಯಲ್ಲಿ ಎಷ್ಟು ನಾಯಿಗಳಿದ್ದವೋ ಅಷ್ಟರದ್ದೂ ಸೇರಿ ಡಬ್ಬಿ ತುಂಬಿತು.

“ಇದು ಯಾವ ನಾಯೀದೋ?” ಎಂದರು ದನದ ಡಾಕ್ಟರು.

“ಎಲ್ಲಾರದೂ ಐತ್ರಿ!”

“ಎಲ್ಲಾರದು ತಗೊಂಡು ನಾ ಏನ್ ಮಾಡಲಿ! ನಿಮ್ಮ ನಾಯೀದಷ್ಟ ಬೇಕು. ಹಳೇದು ಬ್ಯಾಡ, ಬಿಸಿಬಿಸಿ ಇದ್ದಾಗ ತಗೊಂಡ್ ಬಾ.”

ಮಾರನೆಯ ದಿನ ಮೋತ್ಯಾನ ಹಿಂದೆಯೇ ತಿರುಗಿ ತಿರುಗಿ ಡಬ್ಬಿ ಹಿಡಿದ. ಮುಟ್ಟಿ ನೋಡಿದರೆ ಆರುತ್ತ ಬಂದಿದೆ! ಬಿಸಿಬಿಸಿ ಇರಬೇಕಲ್ಲ? ಓಡಿ ಬಂದವನೇ ಒಲೆಯ ಮೇಲಿನ ರೊಟ್ಟಿ ಹಂಚಿನ ಮೇಲೆ ಡಬ್ಬಿ ಇಟ್ಟ. ವಾಸನೆಗೆ ಹಾಲವ್ವ ಪಕ್ಕೆ ಹಿಡಿದುಕೊಂಡು ಹೊರಗೆ ಓಡಿದಳು. ಕುರಿಗಳೂ ದೂರ ಸರಿದವು.

ದನದ ಡಾಕ್ಟರು ಡಬ್ಬಿ ತೆರೆದು ತಲೆ ಅಲ್ಲಾಡಿಸಿದರು. “ಹುರದ ತಂದೀಯಲ್ಲೋ! ತತ್ತಿ ಎಲ್ಲಾ ಸುಟ್ಟ ಹೋಗಿರತಾವ. ಬಿಸಿ ಮಾಡಬಾರದು, ತಂಪಿನಾಗ ಇಡಬೇಕು. ತಂಪಿನಾಗ!”

“ತಂಪಿನಾಗ, ತಂಪಿನಾಗ” ಎಂದು ಬಾಯಿಪಾಠ ಮಾಡುತ್ತ ಬಂದ. ಹಟ್ಟಿಯಲ್ಲೆಲ್ಲ ತಂಪಾದದ್ದು ಯಾವುದು? ಕುಡಿಯುವ ನೀರಿನ ಗಡಿಗೆ. ಹೊಸದಾಗಿ ತುಂಬಿದ ಡಬ್ಬಿಯನ್ನು ಗಡಿಗೆಯೊಳಗೆ ತೇಲಿಬಿಟ್ಟ. ಹಾಲವ್ವ ಬಾಯಾರಿ ಬಂದು ಚರಿಗೆ ಅದ್ದಿದಳು. ಚರಿಗೆ ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಗಡಿಗೆಯೊಳಗೆ ಏನೋ ಟಣ್ ಅಂದಿತು, ಬಗ್ಗಿ ನೋಡಿದಳು.

ಗಡಿಗೆ ಒಡೆದ ಸದ್ದಿಗೆ ಮಾಳಿಂಗ ಓಡಿ ಬಂದ.

“ಕುಡಿಯೂ ನೀರಾಗ ಇಟ್ಟೀಯಲ್ಲೋ! ಹಿಂಗ ಹೊಟ್ಟಿಗೆ ಹೋಗೇ ನಾ ಸಾಯಾಕತ್ತೀನಿ! ಇದನ್ನ ಮುಟ್ಟಿದ್ದನ್ನೆಲ್ಲಾ ಸಬಕಾರ ಹಚ್ಚಿ ತೊಳೀಬೇಕು, ತಿಳೀತಿಲ್ಲೋ? ತಿಕ್ಕಿ ತಿಕ್ಕಿ ತೊಳೀಬೇಕು!”

ಬೈದವಳೇ ಒಡೆದ ಗಡಿಗೆಯ ಚೂರುಗಳ ನಡುವೆ ಕುಸಿದು ಕೂತಳು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿಯಾಗಿತ್ತು. ನಾನು ಇದ್ದಾಗಲೇ ಇವನು ನೀರಲ್ಲಿ ಹೇಲು ಇಡುತ್ತಾನೆ. ನಾನಿಲ್ಲದಾಗ ಇವನು ಏನು ಕುಡಿದು ಎಲ್ಲಿ ಬೀಳುತ್ತಾನೋ? ಆಪರೇಷನ್ನಿಗೆ ಇನ್ನು ನಾಲ್ಕೇ ದಿನ ಇತ್ತು.

ಬೆಳಗಾದರೆ ಮಾಳಿಂಗ ಮತ್ತೆ ಡಬ್ಬಿ ತುಂಬಿದ. ಅವ್ವ ಏನು ಹೇಳಿದ್ದಳು? ತೊಳೀಬೇಕು. ಡಬ್ಬಿ ತೊಳೆದ, ಮುಚ್ಚಳ ತೊಳೆದ. ಆಮೇಲೆ ಒಳಗಿದ್ದದ್ದನ್ನೂ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ತೊಳೆದ. ಮೂರು ಮೈಲಿ ನಡೆದು ಹೋಗಿ ಫಳಫಳ ಹೊಳೆಯುವ ಡಬ್ಬಿಯನ್ನು ಮೇಜಿನ ಮೇಲಿಟ್ಟ.

“ಒಳಗೇನೂ ಇಲ್ಲಲ್ಲೋ!”

“ತೊಳೆಯೂತನಕ ಇತ್ತರಿ!”

ದನದ ಡಾಕ್ಟರು ಮೇಜು ಬಿಟ್ಟು ಎದ್ದರು. ಅವನನ್ನು ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾವೇ ಹಟ್ಟಿಗೆ ಬಂದರು. ಕೈಗೆ ಚೀಲ ಹಾಕಿಕೊಂಡು ಮೋತ್ಯಾನದ್ದನ್ನು ತಾವೇ ತೆಗೆದುಕೊಂಡರು. ಆಸ್ಪತ್ರೆಗೆ ಮರಳಿ ಗಾಜಿನ ಮೇಲೆ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಅವನನ್ನೂ ಕರೆದು ತೋರಿಸಿದರು. ದುಂಡಗಿನ, ಕಂದು ಬಣ್ಣದ ಕಾಳು, ಎರಡೋ ಮೂರೋ.

“ಇದ ರೀ, ಅವ್ವನ ಹೊಟ್ಟ್ಯಾಗ ಹೋದದ್ದು?”

“ಇಂಥಾದ್ದ.”

“ಇಷ್ಟ ಸಣ್ಣದು!” ಎಂದ ಮಾಳಿಂಗ. ಮತ್ತೆ ಕಣ್ಣು ಎತ್ತಲಿಲ್ಲ, ನೋಡುತ್ತಲೇ ನಿಂತ. ನೋಡುತ್ತ ನೋಡುತ್ತ ಅಳತೊಡಗಿದ. ದನದ ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು.

“ಈ ಗುಳಿಗಿ ಮೋತ್ಯಾಗ ನುಂಗಸು. ಎರಡು ದಿನ ಕಟ್ಟಿಹಾಕು. ಒಳಗಿಂದ ಹೊರಗ ಬಂದದ್ದನ್ನ ಒಂಚೂರೂ ಬಿಡಬ್ಯಾಡ. ಮೊಳದುದ್ದ ಕುಣಿ ತೋಡು, ಹುಗಿ, ಮ್ಯಾಲ ಕುದಿಯೂದು ಸುರುವು.”

ಆಶ್ಚರ್ಯ ಕೇಳಿ, ಈ ಸಲ ಮಾಳಿಂಗ ಒಂದೂ ತಪ್ಪಲಿಲ್ಲ. ಗುಳಿಗೆ ನುಂಗಿಸಿದ, ಕಟ್ಟಿದ, ತೋಡಿದ, ಹುಗಿದ, ಕುದಿಯುವ ನೀರು ಸುರಿದ. ಎರಡು ದಿನ ಮೋತ್ಯಾ ಗೋಳಿಟ್ಟರೂ ಬಿಚ್ಚಲಿಲ್ಲ. ಆದರೆ ಅದನ್ನು ನೋಡಿ ಭೇಷ್ ಅನ್ನಲು ಹಾಲವ್ವನೇ ಹಟ್ಟಿಯಲ್ಲಿರಲಿಲ್ಲ, ಆಗಲೇ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದರು. ಮೊಳದುದ್ದ ಕುಣಿ, ಮ್ಯಾಲ ಕುದಿಯೂದು ಎಂದು ದನದ ಡಾಕ್ಟರ ಮಾತನ್ನು ಅವನು ಅಲ್ಲಿಗೇ ಹೋಗಿ ಅವಳಿಗೆ ಒಪ್ಪಿಸಿದ್ದ.

ಆಪರೇಷನ್ ದಿನ ಮಾಳಿಂಗ ಮುಚ್ಚಿದ ಬಾಗಿಲ ಮುಂದೆ ಕೂತ. ಮೂರು ತಾಸಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದಳು. ಅವಳ ಕೈಯಲ್ಲೊಂದು ಬಾಟಲಿ, ಬಾಟಲಿಯೊಳಗೆ ನೀರು, ನೀರಲ್ಲಿ ಬಿಳಿಯ ಗುಳ್ಳೆ, ಮುಷ್ಟಿಯಷ್ಟು.

“ನೋಡಪ್ಪ, ನಿಮ್ಮವ್ವನ ಒಳಗಿಂದ ತಗದದ್ದು. ಇದು ಹುಳದ್ದ ಹೌದೋ, ಬ್ಯಾರೆ ಕೆಟ್ಟ ಗಡ್ಡಿಯೋ ಅಂತ ಪರೀಕ್ಷಾಕ್ಕ ಹೋಗಬೇಕು. ಸ್ವಲ್ಪ ಹಿಡಕೋ, ಚೀಟಿ ಬರದು ತರತೀನಿ.”

ಚೀಟಿ ತಂದರೆ ಬಾಟಲಿ ಇಲ್ಲ, ಮಾಳಿಂಗನೂ ಇಲ್ಲ! ಕಾಂಪೌಂಡರು ಓಡಿದ, ಆಯಾ ಓಡಿದಳು, ಡಾಕ್ಟರಮ್ಮನೂ ಓಡಿದಳು. ತಾಸು ಹೊತ್ತು ಹುಡುಕಿದ ಮೇಲೆ ಆಸ್ಪತ್ರೆಯ ಹಿಂದೆ ಬೇವಿನ ಮರದ ಕೆಳಗೆ ಸಿಕ್ಕ. ಅವನ ಮುಂದೆ ಮುಚ್ಚಿದ ಕುಣಿ. ಮೇಲಿನಿಂದ ಹಬೆ ಏಳುತ್ತಿತ್ತು.

ಅಗೆದು ತೆಗೆದರು. ಪುಣ್ಯಕ್ಕೆ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು, ಗಾಜೂ ಒಡೆದಿರಲಿಲ್ಲ. ಡಾಕ್ಟರಮ್ಮ ಅವನ ರಟ್ಟೆ ಹಿಡಿದು ಹಾಲವ್ವನ ಮಂಚದ ಹತ್ತಿರ ಎಳೆದು ತಂದಳು. ಹಾಲವ್ವ ಆಗತಾನೇ ಕಣ್ಣು ಬಿಟ್ಟಿದ್ದಳು.

“ಕೇಳಿದೆ ಏನವ್ವ ನಿನ್ನ ಮಗನ ಕೆಲಸ! ನಿನ್ನ ಗಡ್ಡೀನ ಮಣ್ಣಾಗ ಹುಗದಾನ!”

ಹಾಲವ್ವ ಮಗನನ್ನು ನೋಡಿದಳು. ಮೊಣಕೈ ತನಕ ಮಣ್ಣು, ಉಗುರು ಕಿತ್ತು ರಕ್ತ. ಕೈಯಿಂದಲೇ ತೋಡಿದ್ದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ. ನಾನು ಹೋದರೆ ಇವನ ಗತಿಯೇನು ಎಂದು ಮೂವತ್ತು ವರ್ಷ ಹೆದರಿದ ಜೀವ ಅದು.

“ಎಷ್ಟ ತೋಡಿದ್ಯೋ?” ಎಂದಳು ಮೆಲ್ಲಗೆ.

“ಮೊಳದುದ್ದ, ಯವ್ವ.”

“ನೀರು ಕುದೀತಿತ್ತೇನು?”

“ಅಂಗಡ್ಯಾಗ ನೀರು ಕುದೀತಿರಲಿಲ್ಲವ್ವ. ಚಾ ಕುದೀತಿತ್ತು. ಹಾಲು ಸಕ್ಕರಿ ಹಾಕಿಸಿಕೊಂಡು ಒಂದು ಕೆಟಲ್ ಪೂರಾ ಸುರುವೀನಿ!”

ಹಾಲವ್ವ ಹೊಲಿಗೆಯ ಮೇಲೆ ಎರಡೂ ಕೈ ಒತ್ತಿ ಹಿಡಿದುಕೊಂಡು ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಇಳಿಯುವವರೆಗೂ ನಕ್ಕಳು.